ಕೈತೋಟದ ಗಿಡಗಳಿಗೆ ಕಾಯಿಲೆ: ಔಷಧದ ಶೀಸೆ ತೆರೆಯುವ ಮುನ್ನ

ಅಂಗಳದ ಕರಿಬೇವಿನ ಎಲೆಗಳು ಕಪ್ಪಡರಿವೆ, ದಾಸವಾಳದ ಮೊಗ್ಗುಗಳಿಗೆ ಬಿಳಿಯ ಹಿಟ್ಟು ಮೆತ್ತಿಕೊಂಡಿದೆ, ತಾರಸಿಯ ಮೇಲಿನ ಟೊಮೆಟೊ ಕಾಯಿಗಳ ತಳ ಕಪ್ಪಾಗಿ ಕೊಳೆಯುತ್ತಿದೆ. ಇಂತಹ ದೂರು ಹೊತ್ತು ಗೊಬ್ಬರದ ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೀಟನಾಶಕದ ಶೀಸೆಯೊಂದನ್ನು ಹಿಡಿದು ಮರಳುತ್ತಾರೆ. ಆದರೆ ಈ ಮೂರು ತೊಂದರೆಗಳ ಪೈಕಿ ಕಡೆಯದು ರೋಗವೂ ಅಲ್ಲ, ಕೀಟಬಾಧೆಯೂ ಅಲ್ಲ. ದಾಸವಾಳದ ಹಿಟ್ಟನ್ನು ಇರುವೆಗಳು ಕಾಯುತ್ತಿರುತ್ತವೆ, ಅವುಗಳನ್ನು ತಡೆಯದೆ ಎಷ್ಟು ಸಿಂಪಡಿಸಿದರೂ ಪ್ರಯೋಜನ ಅಲ್ಪ. ಕರಿಬೇವಿನ ಕಪ್ಪು ಮಸಿಗೆ ಮೂಲ ಬೇರೆಡೆ ಇರುತ್ತದೆ.

ಕೈತೋಟದ ಬೆಳೆ ಮಾರುಕಟ್ಟೆಗೆ ಹೋಗದೆ ನೇರವಾಗಿ ಅಡುಗೆಮನೆಗೆ ಬರುತ್ತದೆ. ಬೆಳಿಗ್ಗೆ ಸಿಂಪಡಿಸಿದ ಗಿಡದಿಂದಲೇ ಸಂಜೆ ಒಗ್ಗರಣೆಗೆ ನಾಲ್ಕು ಎಸಳು ಕಿತ್ತುಕೊಳ್ಳುವುದು ಮನೆಗಳಲ್ಲಿ ಅಪರೂಪವೇನಲ್ಲ. ಆದ್ದರಿಂದ ಗಿಡಕ್ಕೆ ಏನಾಗಿದೆ ಎಂಬುದನ್ನು ಮೊದಲು ಗುರುತಿಸಿ, ಚಿಕಿತ್ಸೆಯನ್ನು ಆನಂತರ ಯೋಚಿಸಬೇಕು ಎಂಬುದು ಕೃಷಿ ಹಾಗೂ ತೋಟಗಾರಿಕಾ ವಿಜ್ಞಾನಿಗಳ ಏಕಾಭಿಪ್ರಾಯ.

ಎಲೆ ಹಳದಿಯಾದರೆ

ಮನೆಯ ಗಿಡಗಳ ಬಗ್ಗೆ ಅತಿ ಹೆಚ್ಚು ಕೇಳಿಬರುವ ದೂರು ಇದು. ಹಳದಿ ಬಣ್ಣ ಎಲ್ಲಿಂದ ಆರಂಭವಾಗಿದೆ ಎಂಬುದನ್ನು ಗಮನಿಸಿದರೆ ಅರ್ಧ ಉತ್ತರ ದೊರೆತಂತೆ. ಗಿಡದ ಕೆಳಭಾಗದ ಹಳೆಯ ಎಲೆಗಳು ಒಂದೇ ಸಮನೆ ಹಳದಿಯಾಗಿ ಉದುರುತ್ತಿದ್ದು, ಬೆಳವಣಿಗೆಯೂ ಕುಂಠಿತವಾಗಿದ್ದರೆ ಅದು ಸಾರಜನಕದ ಕೊರತೆ. ಸಾರಜನಕವು ಗಿಡದೊಳಗೆ ಸುಲಭವಾಗಿ ಚಲಿಸುವ ಪೋಷಕಾಂಶ. ಅದು ಸಾಲದಾದಾಗ ಗಿಡವು ಹಳೆಯ ಎಲೆಗಳಿಂದ ಹಿಂಪಡೆದು ಚಿಗುರಿಗೆ ಕೊಡುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಜೊತೆಗೆ ಒಂದು ಹಿಡಿ ಕಡಲೆಕಾಯಿ ಹಿಂಡಿ ಅಥವಾ ಬೇವಿನ ಹಿಂಡಿ ಇದಕ್ಕೆ ಸಾಕು.

ಕಬ್ಬಿಣದ ಅಂಶ ಹಾಗಲ್ಲ. ಒಮ್ಮೆ ಎಲೆಯಲ್ಲಿ ಸೇರಿದರೆ ಅಲ್ಲಿಂದ ಕದಲುವುದು ಕಡಿಮೆ. ಆದಕಾರಣ ಅದರ ಕೊರತೆ ತುದಿಯ ಹೊಸ ಎಲೆಗಳಲ್ಲಿಯೇ ಮೊದಲು ಕಾಣುತ್ತದೆ. ಎಲೆಯ ನರಗಳು ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಯಾಗುತ್ತದೆ, ತೀವ್ರವಾದರೆ ಬಿಳಿಚುತ್ತದೆ. ಉತ್ತರ ಕರ್ನಾಟಕದ ಕ್ಷಾರೀಯ ಕಪ್ಪು ಮಣ್ಣಿನಲ್ಲಿ ಹಾಗೂ ಕೊಳವೆ ಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಗುಲಾಬಿ, ಮಲ್ಲಿಗೆ, ಕರಿಬೇವು, ದಾಸವಾಳಗಳಿಗೆ ಈ ಬಾಧೆ ಸಾಮಾನ್ಯ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣದಂಶ ಹೆಚ್ಚಿರುವ ಕಾರಣ ಬೇರು ಅದನ್ನು ಹೀರಿಕೊಳ್ಳಲಾರದು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಕರಗಿಸಿ, ಸ್ವಲ್ಪ ನಿಂಬೆರಸ ಹಿಂಡಿ ಸಂಜೆಯ ವೇಳೆ ಎಲೆಗಳ ಮೇಲೆ ಸಿಂಪಡಿಸಿದರೆ ಹೊಸ ಚಿಗುರು ಹಸಿರಾಗುತ್ತದೆ. ಮಳೆನೀರು ಸಂಗ್ರಹವಿದ್ದವರು ಅದನ್ನೇ ಗಿಡಗಳಿಗೆ ಮೀಸಲಿಟ್ಟರೆ ಇನ್ನೂ ಒಳ್ಳೆಯದು. ಕರಿಬೇವಿಗೆ ಹುಳಿ ಮಜ್ಜಿಗೆ ಎರೆಯುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ನೀರಾಗಿಸಿ ಆಗೀಗ ಹಾಕುವುದರಿಂದ ಹಾನಿಯಿಲ್ಲ. ಗಟ್ಟಿ ಮಜ್ಜಿಗೆಯನ್ನು ದಿನವೂ ಕುಂಡಕ್ಕೆ ಸುರಿದರೆ ಬೂಷ್ಟು, ಇರುವೆ ಎರಡೂ ಬರುತ್ತವೆ.

ಇವೆರಡಕ್ಕಿಂತಲೂ ಹೆಚ್ಚು ಗಿಡಗಳನ್ನು ಕೊಲ್ಲುವುದು ಅತಿಯಾದ ನೀರು. ಬೇರಿಗೆ ಗಾಳಿಯೂ ಬೇಕು. ಸದಾ ತೊಯ್ದಿರುವ ಮಣ್ಣಿನಲ್ಲಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಕೊಳೆತ ಬೇರು ನೀರು ಹೀರದ ಕಾರಣ ಗಿಡ ಬಾಡುತ್ತದೆ. ಬಾಡಿದ ಗಿಡವನ್ನು ಕಂಡ ಮನೆಯವರು ಮರುಕದಿಂದ ಮತ್ತೊಂದು ತಂಬಿಗೆ ನೀರು ಹಾಕುತ್ತಾರೆ! ಬೆರಳನ್ನು ಎರಡು ಅಂಗುಲದಷ್ಟು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರುಣಿಸಬೇಕು. ಕುಂಡದ ತಳದ ರಂಧ್ರ ಮುಚ್ಚಿಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕುಂಡದ ಕೆಳಗಿಟ್ಟ ತಟ್ಟೆಯಲ್ಲಿ ನಿಂತ ನೀರು ಬೇರಿಗೂ ಕೇಡು, ಸೊಳ್ಳೆಗೂ ಅನುಕೂಲ.

ಬಿಳಿ ಹಿಟ್ಟು ಮತ್ತು ಇರುವೆಯ ಸಾಲು

ದಾಸವಾಳ, ಪೇರಲ, ಸೀತಾಫಲ, ಪಪ್ಪಾಯಿ, ಕ್ರೋಟನ್ ಗಿಡಗಳ ಎಳೆಯ ಕುಡಿಗಳಲ್ಲಿ ಹತ್ತಿಯಂತೆ ಅಂಟಿಕೊಳ್ಳುವ ಕೀಟವೇ ಹಿಟ್ಟುತಿಗಣೆ. ಇದು ರಸ ಹೀರಿ, ಹೆಚ್ಚಾದ ಸಕ್ಕರೆಯ ಅಂಶವನ್ನು ಅಂಟು ದ್ರವವಾಗಿ ಹೊರಹಾಕುತ್ತದೆ. ಆ ಸಿಹಿಗಾಗಿ ಇರುವೆಗಳು ಮುತ್ತುತ್ತವೆ. ಅಷ್ಟಕ್ಕೇ ನಿಲ್ಲದೆ ತಿಗಣೆಗಳನ್ನು ಬೇಟೆಯಾಡುವ ಕೀಟಗಳನ್ನು ಓಡಿಸುತ್ತವೆ. ಉಳಿದ ಅಂಟಿನ ಮೇಲೆ ಕಪ್ಪು ಶಿಲೀಂಧ್ರ ಬೆಳೆದು ಎಲೆಗೆ ಮಸಿ ಬಳಿದಂತಾಗುತ್ತದೆ. ಗಿಡದ ಮೇಲೆ ಇರುವೆಯ ಸಾಲು ಕಂಡರೆ ತುದಿಯಲ್ಲಿ ರಸ ಹೀರುವ ಕೀಟವಿದೆ ಎಂದೇ ತಿಳಿಯಬಹುದು.

ಕಡಿಮೆ ಬಾಧೆಯಿದ್ದಾಗ ಅಂಟಿದ ಕುಡಿಗಳನ್ನು ಚಿವುಟಿ ಸಾಬೂನು ನೀರಿನಲ್ಲಿ ಮುಳುಗಿಸುವುದು, ನೀರಿನ ರಭಸದ ಧಾರೆಯಿಂದ ತೊಳೆಯುವುದು ಸಾಕಾಗುತ್ತದೆ. ಹೆಚ್ಚಿದ್ದರೆ ಲೀಟರಿಗೆ 3ರಿಂದ 5 ಮಿಲಿ ಲೀಟರ್ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನ ದ್ರಾವಣದೊಂದಿಗೆ ಚೆನ್ನಾಗಿ ಬೆರೆಸಿ, ಎಲೆಯ ಅಡಿಭಾಗವೂ ತೊಯ್ಯುವಂತೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇದೇ ಉದ್ದೇಶಕ್ಕೆ ಬೇವಿನ ಸಾಬೂನು ಹಾಗೂ ಹೊಂಗೆಯ ಸಾಬೂನುಗಳನ್ನು ಅಭಿವೃದ್ಧಿಪಡಿಸಿದೆ. ಎಣ್ಣೆ ನೀರಿನಲ್ಲಿ ಬೆರೆಯದೆ ತೇಲುವ ತಾಪತ್ರಯ ಇವುಗಳಲ್ಲಿಲ್ಲ.

ಈ ಹಂತದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಿಟ್ಟುತಿಗಣೆಗಳ ನಡುವೆ ಅವುಗಳಂತೆಯೇ ಬಿಳಿ ಮೇಣದ ಎಳೆಗಳನ್ನು ಹೊದ್ದ, ಆದರೆ ಗಾತ್ರದಲ್ಲಿ ದೊಡ್ಡದಾದ, ಚುರುಕಾಗಿ ಓಡಾಡುವ ಹುಳುಗಳು ಕೆಲವೊಮ್ಮೆ ಕಾಣುತ್ತವೆ. ಅವು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಗಳು, ತಿಗಣೆಗಳನ್ನೇ ತಿಂದು ಬದುಕುವಂಥವು. ಆಸ್ಟ್ರೇಲಿಯಾ ಮೂಲದ ಈ ದುಂಬಿಯನ್ನು 1898ರಲ್ಲಿಯೇ ಭಾರತಕ್ಕೆ ತರಲಾಗಿತ್ತು. ತಿಗಣೆಯೆಂದು ಭಾವಿಸಿ ಇವುಗಳನ್ನು ಹೊಸಕಿಹಾಕುವವರೇ ಹೆಚ್ಚು.

ಕೀಟದಿಂದಲೇ ಕೀಟವನ್ನು ನಿಯಂತ್ರಿಸುವ ವಿಧಾನಕ್ಕೆ ಪಪ್ಪಾಯಿ ಹಿಟ್ಟುತಿಗಣೆಯ ಪ್ರಕರಣಕ್ಕಿಂತ ಉತ್ತಮ ನಿದರ್ಶನ ಸಿಗಲಾರದು. ಮೆಕ್ಸಿಕೋ ಹಾಗೂ ಮಧ್ಯ ಅಮೆರಿಕ ಮೂಲದ ಈ ಕೀಟ ಭಾರತದಲ್ಲಿ ಮೊದಲು ಪತ್ತೆಯಾದದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಬೇಗನೆ ಅದು ಕರ್ನಾಟಕಕ್ಕೂ ಹರಡಿ ಪಪ್ಪಾಯಿ, ದಾಸವಾಳ, ಹಿಪ್ಪುನೇರಳೆಗಳನ್ನು ಆವರಿಸಿತು. ಮೈಮೇಲಿನ ಮೇಣದ ಹೊದಿಕೆಯಿಂದಾಗಿ ಕೀಟನಾಶಕಗಳು ಅದಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ರೇಷ್ಮೆ ಬೆಳೆಗಾರರಂತೂ ಔಷಧ ಹೊಡೆದರೆ ರೇಷ್ಮೆಹುಳು ಸಾಯುತ್ತದೆ, ಹೊಡೆಯದಿದ್ದರೆ ಸೊಪ್ಪಿಲ್ಲ ಎಂಬ ಸ್ಥಿತಿಯಲ್ಲಿದ್ದರು. 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ಕೇಂದ್ರ, ಈಗಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಅಮೆರಿಕದ ಕೃಷಿ ಇಲಾಖೆಯ ನೆರವಿನೊಂದಿಗೆ ಪೋರ್ಟೊ ರಿಕೊದಿಂದ ಮೂರು ಬಗೆಯ ಪರತಂತ್ರ ಕಣಜಗಳನ್ನು ತರಿಸಿ ಬಿಡುಗಡೆ ಮಾಡಿತು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ಎಲ್ಲೆಡೆ ನೆಲೆಯೂರಿತು. ಕಣ್ಣಿಗೆ ಕಷ್ಟದಿಂದ ಕಾಣುವಷ್ಟು ಪುಟ್ಟದಾದ ಈ ಕಣಜ ತಿಗಣೆಯ ದೇಹದೊಳಗೆ ಮೊಟ್ಟೆಯಿಡುತ್ತದೆ, ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಮುಗಿಸುತ್ತದೆ. ಬಿಡುಗಡೆಯಾದ ಕಡೆಗಳಲ್ಲಿ ಕೆಲವೇ ತಿಂಗಳುಗಳಲ್ಲಿ ಹಾವಳಿ ಹತೋಟಿಗೆ ಬಂತು. ಇಂದು ಮನೆಯಂಗಳದ ಪಪ್ಪಾಯಿಯಲ್ಲಿ ಒಂದಿಷ್ಟು ಬಿಳಿ ಹಿಟ್ಟು ಕಂಡೊಡನೆ ವಿಷ ಸಿಂಪಡಿಸಿದರೆ ಮೊದಲು ಸಾಯುವುದು ಈ ಕಣಜಗಳೇ.

ತೆಂಗಿನ ಸುರುಳಿ ಬಿಳಿನೊಣದ ವಿಚಾರದಲ್ಲಿಯೂ ತಜ್ಞರ ಸಲಹೆ ಇದೇ ಧಾಟಿಯದು. 2016ರಲ್ಲಿ ಪೊಳ್ಳಾಚಿ ಪ್ರದೇಶದಲ್ಲಿ ಕಾಣಿಸಿಕೊಂಡ ಈ ಕೀಟ ಕರಾವಳಿ ಸೇರಿದಂತೆ ರಾಜ್ಯದ ತೆಂಗಿನ ಸೀಮೆಗೆಲ್ಲ ಹಬ್ಬಿದೆ. ಅಂಗಳದ ತೆಂಗಿನ ಗರಿಯ ಅಡಿಭಾಗದಲ್ಲಿ ಬಿಳಿಯ ಸುರುಳಿ ಗೆರೆಗಳಿದ್ದು, ಮರದ ಕೆಳಗಿನ ಬಾಳೆ, ದಾಸವಾಳ, ಕರಿಬೇವುಗಳಿಗೆ ಮಸಿ ಹಿಡಿದಿದ್ದರೆ ದೋಷ ಕೆಳಗಿನ ಗಿಡಗಳದ್ದಲ್ಲ. ಮೇಲಿನಿಂದ ತೊಟ್ಟಿಕ್ಕುವ ಅಂಟೇ ಕಾರಣ. ಎನ್ಕಾರ್ಸಿಯಾ ಎಂಬ ಪರತಂತ್ರ ಕಣಜ ಇದನ್ನು ತಾನಾಗಿಯೇ ಹತೋಟಿಯಲ್ಲಿಡುವುದರಿಂದ ರಾಸಾಯನಿಕ ಸಿಂಪಡಣೆ ಬೇಡವೆಂದೇ ವಿಜ್ಞಾನಿಗಳು ಹೇಳುತ್ತಾರೆ. ಎಲೆಗಳ ಮಸಿಗೆ ತೆಳುವಾದ ಗಂಜಿ ಸಿಂಪಡಿಸಿದರೆ ಅದು ಒಣಗಿ, ಮಸಿಯೊಡನೆ ಸಿಪ್ಪೆಯಂತೆ ಉದುರುತ್ತದೆ.

ಕರಿಬೇವಿನ ಹುಳು

ಕರಿಬೇವು, ನಿಂಬೆ ಗಿಡಗಳ ಎಳೆಯ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಪ್ಪುಬಿಳುಪಿನ ಸಣ್ಣ ಹುಳುಗಳು ಕಾಣುತ್ತವೆ. ಬೆಳೆದಂತೆ ಅವು ಎಲೆಯ ಹಸಿರು ಬಣ್ಣ ತಳೆಯುತ್ತವೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಅಥವಾ ಕಿತ್ತಳೆ ಬಣ್ಣದ ಕವಲು ನಾಲಿಗೆಯಂಥದ್ದನ್ನು ಹೊರಚಾಚಿ ಘಾಟು ವಾಸನೆ ಬೀರುತ್ತವೆ. ಹೆದರಬೇಕಿಲ್ಲ, ಅವು ಕಚ್ಚುವುದಿಲ್ಲ. ಇವು ನಿಂಬೆ ಚಿಟ್ಟೆ ಹಾಗೂ ಅದರ ಬಂಧು ಚಿಟ್ಟೆಗಳ ಮರಿಗಳು. ಎರಡು ಮೂರು ಹುಳುಗಳು ವಾರದೊಳಗೆ ಚಿಕ್ಕ ಗಿಡವೊಂದನ್ನು ಬರಿದು ಮಾಡಬಲ್ಲವು ಎಂಬುದು ನಿಜವಾದರೂ, ಐದು ನಿಮಿಷ ಹುಡುಕಿ ಕೈಯಿಂದ ಆರಿಸಿದರೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಬಲಿತ ಕರಿಬೇವಿನ ಮರಕ್ಕೆ ಆ ಶ್ರಮವೂ ಬೇಡ.

ಕರಿಬೇವಿನ ಕುಡಿ ಮುರುಟಿ ಅಂಟಂಟಾಗಿದ್ದರೆ ಅದು ಸಿಲ್ಲಿಡ್ ಎಂಬ ಚಿಗುರು ಕೀಟದ ಕೆಲಸ. ಆ ಕುಡಿಗಳನ್ನು ಕತ್ತರಿಸಿ ಸುಟ್ಟು, ಹೊಸ ಚಿಗುರಿಗೆ ಬೇವಿನ ಎಣ್ಣೆ ಸಿಂಪಡಿಸಬೇಕು. ಇದೇ ಕೀಟ ನಿಂಬೆ, ಕಿತ್ತಳೆ ಗಿಡಗಳಿಗೆ ಗ್ರೀನಿಂಗ್ ರೋಗವನ್ನು ಹರಡುವುದರಿಂದ ಎರಡೂ ಗಿಡಗಳಿರುವ ಮನೆಗಳಲ್ಲಿ ಹೆಚ್ಚಿನ ನಿಗಾ ಅಗತ್ಯ. ನಿಂಬೆ ಎಲೆಯ ಮೇಲಿನ ಬೆಳ್ಳಿಯ ವಕ್ರಗೆರೆಗಳು ರಂಗೋಲಿ ಹುಳುವಿನವು. ನೋಡಲು ಗಾಬರಿ ಹುಟ್ಟಿಸಿದರೂ ಬೆಳೆದ ಗಿಡಕ್ಕೆ ಅದರಿಂದಾಗುವ ನಷ್ಟ ಕಡಿಮೆ.

ಮಾರುಕಟ್ಟೆಯ ಕರಿಬೇವಿನಲ್ಲಿ ಕೀಟನಾಶಕ ಶೇಷಾಂಶ ಮಿತಿಮೀರಿರುವುದು ಕೇಂದ್ರ ಸರ್ಕಾರದ ತಪಾಸಣಾ ವರದಿಗಳಲ್ಲಿ ಪದೇ ಪದೇ ದಾಖಲಾಗಿದೆ. ಐರೋಪ್ಯ ಒಕ್ಕೂಟವು ಭಾರತದ ಕರಿಬೇವನ್ನು ಹೆಚ್ಚುವರಿ ತಪಾಸಣೆಗೆ ಒಳಪಡಿಸಿದ್ದೂ ಇದೇ ಕಾರಣಕ್ಕೆ. ಅದರಿಂದ ಪಾರಾಗಲೆಂದು ಮನೆಯಲ್ಲಿ ಗಿಡ ನೆಟ್ಟು, ಅದೇ ವಿಷವನ್ನು ಮನೆಯಲ್ಲಿಯೂ ಸಿಂಪಡಿಸುವುದರಲ್ಲಿ ಅರ್ಥವಿಲ್ಲ.

ತರಕಾರಿ ಮಡಿಗಳಲ್ಲಿ

ಟೊಮೆಟೊ ಕಾಯಿಯ ತಳ ಕಪ್ಪಾಗಿ ಕುಸಿಯುವುದಕ್ಕೆ ಕಾಯಿಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಸಾಲದಿರುವುದೇ ಕಾರಣ. ಹೆಚ್ಚಿನ ಪಕ್ಷ ಅದು ಮಣ್ಣಿನಲ್ಲಿ ಇದ್ದೇ ಇರುತ್ತದೆ. ಎರಡು ದಿನ ಒಣಗಿಸಿ ಮೂರನೆಯ ದಿನ ತುಂಬಿ ಹರಿಯುವಂತೆ ನೀರು ಕೊಟ್ಟರೆ ಅದು ಕಾಯಿಯವರೆಗೆ ತಲುಪುವುದಿಲ್ಲ. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಸಿ, ಹದವಾಗಿ ನಿತ್ಯ ನೀರುಣಿಸಿದರೆ ಮುಂದಿನ ಕಾಯಿಗಳು ಸರಿಹೋಗುತ್ತವೆ. ಬೇಸಗೆಯಲ್ಲಿ ಹಗಲಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಟೊಮೆಟೊ ಹೂವು ಉದುರುವುದು ಸಹಜ, ಅದಕ್ಕೆ ನೆರಳು ಪರದೆಯೇ ಮದ್ದು.

ಮೆಣಸಿನ ಗಿಡದ ಮುಟುರು ರೋಗದಲ್ಲಿ ಎಲೆ ಯಾವ ಕಡೆಗೆ ಮಡಚಿದೆ ಎಂಬುದನ್ನು ನೋಡಬೇಕು. ಅಂಚುಗಳು ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್, ಕೆಳಮುಖವಾಗಿ ಮುದುಡಿದ್ದರೆ ಮೈಟ್ ನುಸಿ. ಮೊದಲನೆಯದಕ್ಕೆ ಬೇವಿನ ಬೀಜದ ಕಷಾಯ ಉಪಯುಕ್ತ: 50 ಗ್ರಾಂ ಬೀಜದ ತಿರುಳನ್ನು ಪುಡಿಮಾಡಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸಾಬೂನು ಪುಡಿ ಬೆರೆಸಿ ಅಂದೇ ಬಳಸಬೇಕು. ಎರಡನೆಯದಕ್ಕೆ ನೀರಿನಲ್ಲಿ ಕರಗುವ ಗಂಧಕವನ್ನು ತಜ್ಞರು ಸೂಚಿಸುತ್ತಾರೆ.

ನಂಜು ರೋಗಗಳ ಮಾತು ಬೇರೆ. ಬೆಂಡೆಯ ಎಲೆನರಗಳು ಹಳದಿ ಬಲೆಯಂತಾದರೆ, ಟೊಮೆಟೊ ಗಿಡ ಗಿಡ್ಡಾಗಿ ಎಲೆ ಮುರುಟಿದರೆ, ಪಪ್ಪಾಯಿಯ ಕಾಯಿಯ ಮೇಲೆ ಉಂಗುರದ ಗುರುತು ಮೂಡಿದರೆ ಆ ಗಿಡವನ್ನು ಗುಣಪಡಿಸುವ ಔಷಧ ಯಾವ ಅಂಗಡಿಯಲ್ಲಿಯೂ ಇಲ್ಲ. ಮಾರುವವರು ಏನೇ ಹೇಳಲಿ. ಮೊದಲೆರಡನ್ನು ಬಿಳಿನೊಣ, ಮೂರನೆಯದನ್ನು ಸಸ್ಯಹೇನು ಹರಡುತ್ತವೆ. ಮೊದಲ ಗಿಡ ಕಂಡ ದಿನವೇ ಕಿತ್ತು ನಾಶಪಡಿಸಿದರೆ ಉಳಿದವು ಬದುಕಬಹುದು. ಹಳದಿ ಬಣ್ಣದ ಅಂಟು ಹಲಗೆಗಳನ್ನು ಗಿಡದ ಎತ್ತರಕ್ಕೆ ತೂಗುಹಾಕಿದರೆ ಬಿಳಿನೊಣಗಳು ಅದಕ್ಕೆ ಅಂಟಿ ಸಾಯುತ್ತವೆ. ಬೀಜ ಕೊಳ್ಳುವಾಗಲೇ ನಿರೋಧಕ ತಳಿ ಆರಿಸುವುದು ಜಾಣತನ. ಹೆಸರಘಟ್ಟದ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಎಲೆಮುರುಟು ನಂಜು, ದುಂಡಾಣು ಸೊರಗು ಹಾಗೂ ಅಂಗಮಾರಿ ಈ ಮೂರಕ್ಕೂ ನಿರೋಧಕ ಗುಣ ಹೊಂದಿದೆ.

ದುಂಡಾಣು ಸೊರಗು ರೋಗ ಕರಾವಳಿ, ಮಲೆನಾಡಿನ ಹುಳಿಮಣ್ಣಿನಲ್ಲಿ ಬದನೆ, ಟೊಮೆಟೊಗಳ ಕಡುವೈರಿ. ನಿನ್ನೆ ಸಂಜೆ ನಳನಳಿಸುತ್ತಿದ್ದ ಗಿಡ ಹಸಿರೆಲೆ ಸಹಿತ ಇಂದು ಜೋತುಬೀಳುತ್ತದೆ. ಪರೀಕ್ಷೆ ಸುಲಭ: ಬುಡದ ಕಾಂಡವನ್ನು ಕತ್ತರಿಸಿ ತಿಳಿನೀರಿನ ಗಾಜಿನ ಲೋಟದಲ್ಲಿ ತೂಗುಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಹಾಲಿನ ಎಳೆಯಂತಹ ಸ್ರಾವ ಇಳಿಯುತ್ತದೆ. ಹಾಗಾದಲ್ಲಿ ಆ ಜಾಗದಲ್ಲಿ ಕೆಲವು ಹಂಗಾಮು ಬದನೆ, ಟೊಮೆಟೊ, ಮೆಣಸು, ಆಲೂಗಡ್ಡೆ ಬೆಳೆಯಬಾರದು. ಸುಂಡೆಕಾಯಿ ಬೇರಿನ ಮೇಲೆ ಕಸಿ ಮಾಡಿದ ಬದನೆ ಸಸಿಗಳು ಈ ರೋಗವನ್ನು ತಡೆದುಕೊಳ್ಳುತ್ತವೆ.

ಹೀರೆ, ಹಾಗಲ, ಸೌತೆಗಳ ಮಿಡಿ ಹಳದಿಯಾಗಿ ಉದುರುವುದಕ್ಕೆ ಎರಡು ಕಾರಣಗಳು. ಮಿಡಿಯನ್ನು ಸೀಳಿದಾಗ ಹುಳುಗಳಿದ್ದರೆ ಅದು ಹಣ್ಣುನೊಣ. ಇದಕ್ಕೆ ಕ್ಯೂ ಲ್ಯೂರ್ ಮೋಹಕ ಬಲೆ ತೂಗುಹಾಕಬೇಕು, ಉದುರಿದ ಕಾಯಿಗಳನ್ನು ಆಳವಾಗಿ ಹೂಳಬೇಕು. ಮಾವಿನ ನೊಣಕ್ಕೆಂದು ಮಾರುವ ಮಿಥೈಲ್ ಯುಜಿನಾಲ್ ಬಲೆಗೆ ತರಕಾರಿಯ ನೊಣ ಬೀಳದು. ಕೊಳ್ಳುವಾಗ ಕೇಳಿ ಪಡೆಯಬೇಕು. ಹುಳುವಿಲ್ಲದಿದ್ದರೆ ಪರಾಗಸ್ಪರ್ಶ ಆಗಿಲ್ಲವೆಂದೇ ಅರ್ಥ. ಜೇನ್ನೊಣ ಬಾರದ ಎತ್ತರದ ತಾರಸಿಗಳಲ್ಲಿ ಗಂಡುಹೂವನ್ನು ಕಿತ್ತು, ದಳ ಬಿಡಿಸಿ, ಹೆಣ್ಣುಹೂವಿನ ನಡುವೆ ಸವರಬೇಕು. ಕುಂಬಳ, ಸೌತೆ, ಹಾಗಲಗಳಿಗೆ ಮುಂಜಾನೆ ಸೂಕ್ತ. ಹೀರೆ ಮತ್ತು ಸೋರೆಯ ಹೂಗಳು ಸಂಜೆ ಅರಳುವುದರಿಂದ ಅವುಗಳಿಗೆ ಸಂಜೆಯೇ ಆಗಬೇಕು. ಈ ವ್ಯತ್ಯಾಸ ತಿಳಿಯದೆ ಬೆಳಿಗ್ಗೆ ಪ್ರಯತ್ನಿಸಿ ಕೈಚೆಲ್ಲಿದವರು ಬಹಳ.

ಇವೇ ಬಳ್ಳಿಗಳಿಗೆ ಬರುವ ಬೂದಿ ರೋಗಕ್ಕೆ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸುವುದು ಪರಿಣಾಮಕಾರಿ ಎಂದು 1999ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಪ್ರಯೋಗವೊಂದು ತೋರಿಸಿತ್ತು. ರೋಗದ ಆರಂಭದಲ್ಲಿಯೇ ಮಾಡಬೇಕು.

ಮಳೆಗಾಲದ ಜೋಡಿ ಶತ್ರುಗಳು

ಶಿಲೀಂಧ್ರ ಮತ್ತು ಬಸವನಹುಳು ಮಳೆಯೊಡನೆಯೇ ಬರುತ್ತವೆ. ಮೊದಲನೆಯದಕ್ಕೆ ಬೋರ್ಡೋ ದ್ರಾವಣ ಹಳೆಯ, ಅಗ್ಗದ ಹಾಗೂ ನಂಬಲರ್ಹ ಉಪಾಯ. ಅಡಿಕೆಯ ಕೊಳೆರೋಗಕ್ಕೆ ಇದರ ಬಳಕೆಯನ್ನು 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಬೇರೂರಿಸಿದವರು ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮನೆಯ ಮಟ್ಟಿಗೆ 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಪಾತ್ರೆಗಳಲ್ಲಿಯೇ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ಕಲಕಬೇಕು. ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಿದಾಗ ತಾಮ್ರದ ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಅಂದೇ ಬಳಸಬೇಕು. ಮಲ್ಲಿಗೆ, ಗುಲಾಬಿ, ವೀಳ್ಯದೆಲೆ ಬಳ್ಳಿಯ ಬುಡ, ನಿಂಬೆಯ ಕಜ್ಜಿ ರೋಗಗಳಿಗೆ ಇದು ಅನುಕೂಲಕರ. ಕೊಯ್ಲಿಗೆ ಬಂದ ಸೊಪ್ಪುಗಳಿಗೆ ಮಾತ್ರ ಸಲ್ಲದು.

ಆಫ್ರಿಕಾದ ದೈತ್ಯ ಬಸವನಹುಳುವನ್ನು 1847ರಲ್ಲಿ ಕಲ್ಕತ್ತೆಗೆ ತಂದವರೊಬ್ಬ ಹವ್ಯಾಸಿ. ಇಂದು ಅದು ಕೊಡಗಿನ ಕಾಫಿ ತೋಟಗಳಿಂದ ಬೆಂಗಳೂರಿನ ಬಡಾವಣೆಗಳವರೆಗೆ ಹಬ್ಬಿದೆ. ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ ಅಥವಾ ಎಲೆಕೋಸಿನ ಸಿಪ್ಪೆ ಇಟ್ಟು, ಬೆಳಗಾಗುವ ಮುನ್ನ ಸೇರಿದ ಹುಳುಗಳನ್ನು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು. ಇವು ಮನುಷ್ಯರ ಮಿದುಳಿಗೆ ಅಪಾಯವೊಡ್ಡುವ ಪರೋಪಜೀವಿಯನ್ನು ಹೊತ್ತಿರಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟಬಾರದು, ಮಕ್ಕಳನ್ನು ದೂರವಿಡಬೇಕು. ಮಡಿಗಳಿಗೆ ನೇರವಾಗಿ ಉಪ್ಪು ಚೆಲ್ಲಿದರೆ ಮಣ್ಣು ಕೆಡುತ್ತದೆ. ಅಂಗಡಿಯಲ್ಲಿ ದೊರೆಯುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗಳಿಗೂ ಮಾರಕ.

ಮನೆಯಲ್ಲಿ ಉಳಿದ ಹಳೆಯ ಔಷಧಗಳು

ಹಳ್ಳಿಯ ಮನೆಗಳ ಅಟ್ಟದಲ್ಲಿ ಇಂದಿಗೂ ಹಳೆಯ ಡಬ್ಬಿಗಳಿರುವುದುಂಟು. ಎಂಡೋಸಲ್ಫಾನ್ ಅನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಲಿನ ಹಳ್ಳಿಗಳು ಅದರಿಂದ ಅನುಭವಿಸಿದ್ದನ್ನು ಆ ಭಾಗದ ಜನ ಮರೆತಿಲ್ಲ. ಒಂದು ಕಾಲಕ್ಕೆ ಪ್ರತಿ ಕುಂಡಕ್ಕೂ ಒಂದು ಚಿಟಿಕೆ ಹಾಕುತ್ತಿದ್ದ ಫೋರೇಟ್ ಹರಳು ಹಾಗೂ ಮನೆಗಳಲ್ಲಿ ತಿಗಣೆ, ಜಿರಲೆಗೂ ಬಳಕೆಯಾಗುತ್ತಿದ್ದ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಮೊನೊಕ್ರೊಟೊಫಾಸ್ ತರಕಾರಿಗೆ ಬಳಸಬಾರದೆಂದು 2005ರಲ್ಲಿಯೇ ಆದೇಶವಾಗಿತ್ತು. ಇಂತಹವನ್ನು ಕೈತೋಟಕ್ಕೆ ಬಳಸಕೂಡದು, ಚರಂಡಿಗೂ ಸುರಿಯಕೂಡದು.

ಕೊಳ್ಳಲೇಬೇಕಾದ ಸಂದರ್ಭದಲ್ಲಿ ಶೀಸೆಯ ಮೇಲಿನ ತ್ರಿಕೋನದ ಬಣ್ಣ ನೋಡಬೇಕು. ಕೆಂಪು ಅತ್ಯಂತ ವಿಷಕಾರಿ, ನಂತರ ಹಳದಿ, ನೀಲಿ, ಕಡೆಗೆ ಹಸಿರು. ಮನೆಯ ತೋಟಕ್ಕೆ ಕೆಂಪು, ಹಳದಿಗಳ ಅಗತ್ಯವೇ ಇಲ್ಲ. ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂಬುದು ಶೀಸೆಯೊಡನೆ ಬರುವ ಕರಪತ್ರದಲ್ಲಿರುತ್ತದೆ. ತಂಪು ಪಾನೀಯದ ಬಾಟಲಿಗೆ ಅದನ್ನು ಬಗ್ಗಿಸಿಡುವ ಅಭ್ಯಾಸ ಮಕ್ಕಳ ಪ್ರಾಣಕ್ಕೆ ಎರವಾಗುವಂಥದ್ದು.

ಸಲಹೆ ಎಲ್ಲಿ?

ರೈತ ಸಂಪರ್ಕ ಕೇಂದ್ರ, ತಾಲ್ಲೂಕು ತೋಟಗಾರಿಕೆ ಇಲಾಖೆ ಕಚೇರಿ ಹಾಗೂ ಜಿಲ್ಲೆಗಳಲ್ಲಿರುವ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೈತೋಟದವರಿಗೂ ಸಲಹೆ ದೊರೆಯುತ್ತದೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾನಿಲಯಗಳು ಹಾಗೂ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾನಿಲಯದ ತಜ್ಞರು ಮೇಳಗಳಲ್ಲಿ ಲಭ್ಯರಿರುತ್ತಾರೆ. ಕಿಸಾನ್ ಕಾಲ್ ಸೆಂಟರಿನ ಶುಲ್ಕರಹಿತ ದೂರವಾಣಿ 1800-180-1551ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಹೋಗುವಾಗ ಒಣಗಿದ ಒಂದೆಲೆ ಒಯ್ದರೆ ತಜ್ಞರಿಗೂ ಏನೂ ತಿಳಿಯದು. ಅರೆಬಾಧಿತ ಕೊಂಬೆ, ಜೊತೆಗೆ ಅದೇ ಗಿಡದ ಆರೋಗ್ಯವಂತ ಕೊಂಬೆ, ಸಾಧ್ಯವಾದರೆ ಬೇರಿನ ತುಣುಕು ಹಾಗೂ ಒಂದು ಹಿಡಿ ಬುಡದ ಮಣ್ಣನ್ನು ಕಾಗದದಲ್ಲಿ ಸುತ್ತಿ ಒಯ್ಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲಿಯೇ ಬೆವೆತು ಕೊಳೆಯುತ್ತದೆ. ಈಗಾಗಲೇ ಏನೇನು ಸಿಂಪಡಿಸಲಾಗಿದೆ ಎಂಬುದನ್ನು ಮುಚ್ಚಿಡದೆ ಹೇಳಬೇಕು.